ಜಾಲಪುಟದ ವಿನ್ಯಾಸ ವಿಧಾನಗಳು

ಜಾಲಪುಟದ ವಿನ್ಯಾಸ ವಿಧಾನಗಳು ಎಂದರೆ ಪುಟದ ಶೀರ್ಷಿಕೆ, ಪಠ್ಯ, ಚಿತ್ರ, ಮೆನು ಮೊದಲಾದ ಭಾಗಗಳನ್ನು ಪರದೆಯ ಮೇಲೆ ಎಲ್ಲಿ, ಎಷ್ಟು ಅಗಲದಲ್ಲಿ ತೋರಿಸಬೇಕೆಂದು ಬ್ರೌಸರ್‌ಗೆ ತಿಳಿಸುವ ಕ್ರಮಗಳು. ಕೋಷ್ಟಕ, ಫ್ಲೋಟ್, ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್ ಇವುಗಳಲ್ಲಿ ಮುಖ್ಯವಾದವು. ಈ ಆಯ್ಕೆ ಕೇವಲ ಅಂದಕ್ಕೆ ಸಂಬಂಧಿಸಿದ್ದಲ್ಲ. ಮೊಬೈಲ್‌ನಲ್ಲಿ ಓದುವವರಿಗೂ ಸ್ಕ್ರೀನ್ ರೀಡರ್ ಮೂಲಕ ಪುಟವನ್ನು ಆಲಿಸುವ ದೃಷ್ಟಿದೋಷವುಳ್ಳವರಿಗೂ ಪುಟವು ಸುಲಭವಾಗಿ ದೊರೆಯುವುದು ಇದನ್ನು ಅವಲಂಬಿಸಿದೆ.

ಕೋಷ್ಟಕ

ಎಚ್‌ಟಿಎಂಎಲ್ ಕೋಷ್ಟಕವು ಮೂಲತಃ ಅಂಕಿಅಂಶಗಳನ್ನು ಸಾಲು ಮತ್ತು ಕಂಬಸಾಲುಗಳಲ್ಲಿ ತೋರಿಸಲು ರೂಪುಗೊಂಡದ್ದು. 1990ರ ದಶಕದಲ್ಲಿ ಬೇರೆ ಸಮರ್ಥ ಸಾಧನವಿಲ್ಲದ ಕಾರಣ ವಿನ್ಯಾಸಕಾರರು ಇಡೀ ಪುಟವನ್ನೇ ಕೋಷ್ಟಕಗಳಲ್ಲಿ ಜೋಡಿಸತೊಡಗಿದರು. ಕೋಷ್ಟಕದೊಳಗೆ ಕೋಷ್ಟಕ ಸೇರಿದಂತೆ ಸಂಕೇತವು ಜಟಿಲವಾಗಿ, ಸ್ಕ್ರೀನ್ ರೀಡರ್ ಓದುವ ಕ್ರಮವೂ ಅಸ್ತವ್ಯಸ್ತವಾಗುತ್ತಿತ್ತು. ಓದುವ ಕ್ರಮ ಕೆಡುವಂತಿದ್ದರೆ ವಿನ್ಯಾಸಕ್ಕೆ ಕೋಷ್ಟಕವನ್ನು ಬಳಸಬಾರದೆಂದು ಡಬ್ಲ್ಯೂ3ಸಿ ಸಂಸ್ಥೆಯ 1999ರ ಪ್ರವೇಶಸಾಧ್ಯತಾ ಮಾರ್ಗಸೂಚಿ ಸೂಚಿಸಿತು.

ಫ್ಲೋಟ್

1996ರ ಡಿಸೆಂಬರ್‌ನಲ್ಲಿ ಹೊರಬಂದ ಸಿಎಸ್‌ಎಸ್‌ನ ಮೊದಲ ಹಂತದಲ್ಲಿಯೇ ಫ್ಲೋಟ್ ಗುಣವಿತ್ತು. ಚಿತ್ರವನ್ನು ಒಂದು ಬದಿಗೆ ಸರಿಸಿ ಅದರ ಪಕ್ಕದಲ್ಲಿ ಪಠ್ಯ ಹರಿಯುವಂತೆ ಮಾಡುವುದು ಇದರ ಕೆಲಸ. ಮುಂದೆ ಇದನ್ನು ಅಂಕಣಗಳ ರಚನೆಗೂ ಬಳಸಲಾಯಿತು. ಆದರೆ ಫ್ಲೋಟ್ ಆದ ಭಾಗಗಳ ಎತ್ತರವನ್ನು ಹೊರಚೌಕಟ್ಟು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಹೆಚ್ಚುವರಿ ಉಪಾಯಗಳು ಬೇಕಾಗುತ್ತಿದ್ದವು.

ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್

ಫ್ಲೆಕ್ಸ್‌ಬಾಕ್ಸ್ ಒಂದು ಆಯಾಮದ ವಿಧಾನ. ಇದು ಭಾಗಗಳನ್ನು ಒಂದು ಸಾಲಿನಲ್ಲಿ ಅಥವಾ ಒಂದು ಕಂಬಸಾಲಿನಲ್ಲಿ ಜೋಡಿಸಿ, ಉಳಿದ ಜಾಗವನ್ನು ಅವುಗಳಿಗೆ ಹಂಚುತ್ತದೆ. ಗ್ರಿಡ್ ಎರಡು ಆಯಾಮದ ವಿಧಾನವಾಗಿದ್ದು, ಸಾಲು ಮತ್ತು ಕಂಬಸಾಲು ಎರಡನ್ನೂ ಒಟ್ಟಿಗೆ ನಿಯಂತ್ರಿಸುತ್ತದೆ. 2017ರಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮತ್ತು ಎಡ್ಜ್ ಬ್ರೌಸರ್‌ಗಳು ಗ್ರಿಡ್‌ನ ಇಂದಿನ ರೂಪವನ್ನು ಅಳವಡಿಸಿಕೊಂಡವು. ಇವೆರಡೂ ಪರಸ್ಪರ ಪೂರಕವಾಗಿವೆ. ಉದಾಹರಣೆಗೆ, ಸುದ್ದಿಪುಟವೊಂದರ ಒಟ್ಟು ಚೌಕಟ್ಟನ್ನು ಗ್ರಿಡ್‌ನಿಂದಲೂ, ಅದರ ಮೆನುವಿನ ಕೊಂಡಿಗಳನ್ನು ಫ್ಲೆಕ್ಸ್‌ಬಾಕ್ಸ್‌ನಿಂದಲೂ ರಚಿಸಬಹುದು.

ಆಯ್ಕೆಯ ಮಾನದಂಡಗಳು

* ಅಂಕಪಟ್ಟಿ, ವೇಳಾಪಟ್ಟಿಯಂತಹ ಮಾಹಿತಿಗೆ ಕೋಷ್ಟಕವೇ ಸೂಕ್ತ.
* ಚಿತ್ರದ ಸುತ್ತ ಪಠ್ಯ ಹರಿಯಬೇಕಾದಲ್ಲಿ ಫ್ಲೋಟ್ ಸೂಕ್ತ.
* ಗುಂಡಿಗಳ ಸಾಲು, ಮೆನು ಮೊದಲಾದವುಗಳಿಗೆ ಫ್ಲೆಕ್ಸ್‌ಬಾಕ್ಸ್ ಅನುಕೂಲಕರ.
* ಇಡೀ ಪುಟದ ಚೌಕಟ್ಟಿಗೆ ಗ್ರಿಡ್ ಅನುಕೂಲಕರ.

ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್‌ಗಳಲ್ಲಿ ಭಾಗಗಳ ಸ್ಥಾನವನ್ನು ಸುಲಭವಾಗಿ ಅದಲುಬದಲು ಮಾಡಬಹುದು. ಆದರೆ ಬದಲಾಗುವುದು ಕಣ್ಣಿಗೆ ಕಾಣುವ ಕ್ರಮ ಮಾತ್ರ. ಸ್ಕ್ರೀನ್ ರೀಡರ್ ಮತ್ತು ಕೀಲಿಮಣೆಯ ಟ್ಯಾಬ್ ಕೀಲಿ ಸಾಮಾನ್ಯವಾಗಿ ಎಚ್‌ಟಿಎಂಎಲ್ ಕಡತದಲ್ಲಿರುವ ಕ್ರಮವನ್ನೇ ಅನುಸರಿಸುತ್ತವೆ. ಆದ್ದರಿಂದ ಮೂಲ ಕಡತದಲ್ಲಿ ಅರ್ಥಪೂರ್ಣ ಕ್ರಮವಿರುವುದು ಅಗತ್ಯ.

ವಿಧಾನ ಯಾವುದೇ ಇದ್ದರೂ ಅಳತೆಗಳನ್ನು ಬಿಗಿಯಾಗಿ ನಿಗದಿಪಡಿಸುವುದು ತೊಂದರೆಗೆ ಕಾರಣವಾಗಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದಲೂ ಸಮಾಸ ಮತ್ತು ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವುದರಿಂದಲೂ, ಇಂಗ್ಲಿಷ್ ಪಠ್ಯಕ್ಕೆ ಅಳೆದು ಮಾಡಿದ ಚೌಕದಲ್ಲಿ ಅಕ್ಷರಗಳು ಕತ್ತರಿಸಿಹೋಗುವ ಸಾಧ್ಯತೆಯಿದೆ.