ಸಲಹೆಗಾರನ ಬಿಡುವಿನ ವೇಳೆ

ಉದ್ಯಮ ಸಲಹೆಗಾರನೆಂದರೆ ನಮ್ಮ ಸಮಾಜಕ್ಕೆ ಒಂದು ಬಗೆಯ ಗುಮಾನಿ ಇದ್ದೇ ಇದೆ. ಕಂಪೆನಿಯ ಒಳಗಿನವರಿಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು ಚೆಂದದ ವರದಿಯಾಗಿಸಿ, ದೊಡ್ಡ ಶುಲ್ಕ ಪಡೆದು, ಫಲಿತಾಂಶ ಕಾಣುವ ಮೊದಲೇ ಹೊರಟುಹೋಗುವವನು ಎಂಬುದು ಈ ಗುಮಾನಿಯ ತಿರುಳು. ಎರಡು ದಶಕಗಳಿಂದ ಇದೇ ವೃತ್ತಿಯಲ್ಲಿರುವ ನಾನು ಈ ಮಾತನ್ನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಆಧುನಿಕ ನಿರ್ವಹಣಾ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಪೀಟರ್ ಡ್ರಕರ್ ಅವರ ಬದುಕನ್ನು ಗಮನಿಸಿದರೆ, ಸಲಹೆಗಾರನಿಗೆ ಸಮಾಜದಲ್ಲಿ ಬೇರೊಂದು ಪಾತ್ರವೂ ಇದೆ ಎಂಬುದು ಮನವರಿಕೆಯಾಗುತ್ತದೆ.

1909ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಡ್ರಕರ್, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ತೊರೆದು ಲಂಡನ್ ಸೇರಿದರು. 1937ರಲ್ಲಿ ಅಮೆರಿಕಕ್ಕೆ ಹೋದರು. ಜನರಲ್ ಮೋಟರ್ಸ್ ಕಂಪೆನಿಯನ್ನು ಒಳಗಿನಿಂದ ಅಧ್ಯಯನ ಮಾಡಿ 1946ರಲ್ಲಿ ಅವರು ಪ್ರಕಟಿಸಿದ ಗ್ರಂಥ ಪ್ರಸಿದ್ಧವಾಯಿತು. ದೊಡ್ಡ ದೊಡ್ಡ ಕಂಪೆನಿಗಳ ಮುಖ್ಯಸ್ಥರು ಅವರ ಸಲಹೆಗಾಗಿ ಕಾಯುತ್ತಿದ್ದರು. ಆದರೂ ತಮ್ಮ ಸಮಯದ ದೊಡ್ಡ ಪಾಲನ್ನು ಅವರು ಗರ್ಲ್ ಸ್ಕೌಟ್ಸ್, ಸಾಲ್ವೇಶನ್ ಆರ್ಮಿಯಂತಹ ಸೇವಾ ಸಂಸ್ಥೆಗಳಿಗೆ ಶುಲ್ಕವಿಲ್ಲದೆ ಮೀಸಲಿಟ್ಟರು. 1990ರಲ್ಲಿ ಲಾಭರಹಿತ ಸಂಸ್ಥೆಗಳ ನಿರ್ವಹಣೆ ಕುರಿತು ಪುಸ್ತಕವನ್ನೇ ಬರೆದರು. ಅದೇ ವರ್ಷ ಇದೇ ಉದ್ದೇಶದ ಪ್ರತಿಷ್ಠಾನವೊಂದು ಅವರ ಹೆಸರಿನಲ್ಲಿ ಸ್ಥಾಪನೆಯಾಯಿತು.

ಅವರು ಈ ಸಂಸ್ಥೆಗಳಿಗೆ ಕೊಟ್ಟದ್ದು ಉತ್ತರಗಳಿಗಿಂತ ಹೆಚ್ಚಾಗಿ ಪ್ರಶ್ನೆಗಳನ್ನು. ನಾವು ಇರುವುದು ಯಾತಕ್ಕೆ? ಯಾರಿಗಾಗಿ? ಅವರಿಗೆ ಮುಖ್ಯವಾದದ್ದು ಯಾವುದು? ನಮ್ಮಿಂದ ಆದ ಬದಲಾವಣೆ ಏನು? ಮುಂದಿನ ಯೋಜನೆ ಏನು? ವ್ಯಾಪಾರದಲ್ಲಿ ಸೋಲು ಗೆಲುವನ್ನು ಲಾಭ ನಷ್ಟದ ಪಟ್ಟಿ ಹೇಳುತ್ತದೆ. ಸೇವಾ ಸಂಸ್ಥೆಗೆ ಆ ಕನ್ನಡಿ ಇಲ್ಲ. ಸದುದ್ದೇಶವನ್ನೇ ಸಾಧನೆಯೆಂದು ನಂಬುವ ಅಪಾಯ ಅಲ್ಲಿ ಸದಾ ಇರುತ್ತದೆ. ಅಂತೆಯೇ, ಸಂಬಳವಿಲ್ಲದ ಸ್ವಯಂಸೇವಕರಿಂದ ನಿಷ್ಠೆಯ ದುಡಿಮೆ ಪಡೆಯುವ ಬಗೆಯನ್ನು ಉದ್ಯಮಗಳು ಸೇವಾ ಸಂಸ್ಥೆಗಳಿಂದ ಕಲಿಯಬೇಕೆಂದು ಅವರು 1989ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ವಾದಿಸಿದರು. ಕಲಿಸಲು ಹೋದವರು ಕಲಿತೂ ಬಂದರು.

ಈ ವಿನಯದ ಮೂಲವನ್ನು ಅವರ ಬಿಡುವಿನ ಹವ್ಯಾಸದಲ್ಲಿ ಹುಡುಕಬೇಕೆಂಬುದು ನನ್ನ ಭಾವನೆ. 1934ರಲ್ಲಿ ಲಂಡನ್ನಿನಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಹೋದ ಅವರ ಕಣ್ಣಿಗೆ ಜಪಾನಿ ಚಿತ್ರಗಳ ಪ್ರದರ್ಶನವೊಂದು ಬಿತ್ತು. ಆ ಒಲವು ಜೀವನಪರ್ಯಂತ ಉಳಿಯಿತು. ಪತ್ನಿ ಡೋರಿಸ್ ಜೊತೆಗೂಡಿ ಮಸಿಚಿತ್ರಗಳನ್ನು ಸಂಗ್ರಹಿಸಿದರು. ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ ಕೆಲಕಾಲ ಜಪಾನಿ ಕಲೆಯ ಪಾಠವನ್ನೂ ಹೇಳಿದರು. ಮೂರು ನಾಲ್ಕು ವರ್ಷಗಳಿಗೊಮ್ಮೆ ಹೊಸ ವಿಷಯವೊಂದನ್ನು ಹಿಡಿದು ಅಭ್ಯಾಸ ಮಾಡುವುದು ಅವರ ರೂಢಿಯಾಗಿತ್ತು. 2005ರ ನವೆಂಬರ್‌ನಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ವಿದ್ಯಾರ್ಥಿಯೇ ಆಗಿದ್ದರೆನ್ನಬಹುದು.

ದಿನವಿಡೀ ಉತ್ತರ ಹೇಳುವವನಿಗೆ ವಾರಕ್ಕೊಮ್ಮೆಯಾದರೂ ಉತ್ತರ ಗೊತ್ತಿಲ್ಲದ ಜಾಗದಲ್ಲಿ ಕೂರುವುದು ಅಗತ್ಯ. ನಾನು ಗಮಕ ಕಲಿಯಲು ಹೋಗುತ್ತೇನೆ. ಕುಮಾರವ್ಯಾಸನ ಷಟ್ಪದಿಯನ್ನು ಬಿಡಿಸಿ ಓದಲು ಕಲಿಸುವ ಗುರುಗಳು ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರು. ಅವರು ತಿದ್ದುವಾಗ ಸುಮ್ಮನೆ ಕೇಳಿಸಿಕೊಳ್ಳುವ ಅಭ್ಯಾಸ, ಬಡಾವಣೆಯ ಸಮಿತಿಯ ಸಭೆಯಲ್ಲೂ ನೆರವಿಗೆ ಬರುತ್ತದೆ.

ನಮ್ಮ ಬಡಾವಣೆಯ ನಿವಾಸಿಗಳು ಮಕ್ಕಳಿಗಾಗಿ ಪುಟ್ಟ ಗ್ರಂಥಾಲಯವೊಂದನ್ನು ನಡೆಸುತ್ತಾರೆ. ಮಕ್ಕಳು ಬರುತ್ತಿಲ್ಲ, ಇನ್ನಷ್ಟು ಪುಸ್ತಕ ಕೊಳ್ಳಲು ದೇಣಿಗೆ ಎತ್ತೋಣ ಎಂಬ ಪ್ರಸ್ತಾವ ಬಂತು. ಇದು ಯಾರಿಗಾಗಿ ಎಂದಷ್ಟೇ ನಾನು ಕೇಳಿದೆ. ಬಾಗಿಲು ತೆರೆದಿರುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಮಕ್ಕಳು ಶಾಲೆಯಲ್ಲಿರುವ ಹೊತ್ತು, ಎಂಬುದು ಚರ್ಚೆಯಲ್ಲಿ ತಾನಾಗಿ ಹೊರಬಿತ್ತು. ಈಗ ನಿವೃತ್ತ ಶಿಕ್ಷಕರೊಬ್ಬರೂ ಕಾಲೇಜು ವಿದ್ಯಾರ್ಥಿನಿಯೊಬ್ಬಳೂ ಸರದಿಯಂತೆ ಸಂಜೆ ಬಾಗಿಲು ತೆರೆಯುತ್ತಾರೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಡ್ರಕರ್ ಬಳಸಿದ ‘ಗ್ರಾಹಕ’ ಎಂಬ ಪದ ಆ ಸಭೆಗೆ ಒಗ್ಗುತ್ತಿರಲಿಲ್ಲ. ‘ಯಾರಿಗಾಗಿ’ ಎಂಬುದು ಎಲ್ಲರಿಗೂ ಅರ್ಥವಾಯಿತು. ಉದ್ಯಮದ ಪ್ರಶ್ನೆಯನ್ನು ತರಬಹುದು, ಅದರ ಭಾಷೆಯನ್ನು ಹೇರಬಾರದು.

2013ರ ಕಂಪೆನಿಗಳ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಂತೆ ನಿಗದಿತ ಮಿತಿ ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಇದು ಸ್ವಾಗತಾರ್ಹ. ಆದರೆ ಕಾಯ್ದೆ ಹಣವನ್ನು ಎಣಿಸಬಲ್ಲದು, ಕಾಳಜಿಯನ್ನಲ್ಲ. ಒಂದೇ ಬಣ್ಣದ ಅಂಗಿ ತೊಟ್ಟು ಶನಿವಾರ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಮರಳುವುದು ಸುಲಭ. ಚೈತ್ರ ವೈಶಾಖದ ಬಿಸಿಲಿನಲ್ಲಿ ಆ ಸಸಿಗೆ ನೀರೆರೆಯುವವರು ಯಾರು?

ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದಾಗ ಅಧ್ಯಯನ ಮತ್ತು ಸಾರ್ವಜನಿಕ ಸೇವೆಗಳನ್ನು ಒಂದೇ ಸೂರಿನಡಿ ತಂದರು. ಓದುವವರು ಸಮಾಜದಿಂದ ದೂರ ಉಳಿಯಬಾರದು, ಸಮಾಜಸೇವೆಗೆ ಇಳಿದವರು ಓದು ಬಿಡಬಾರದು ಎಂಬ ವಿವೇಕ ನಮ್ಮ ನೆಲದಲ್ಲೇ ಇದೆ. ಕೆರೆ ಸಮಿತಿ, ಗ್ರಂಥಾಲಯ, ಸಂಗೀತ ಸಭೆಗಳು ಈ ನಗರದಲ್ಲಿ ಒಬ್ಬಿಬ್ಬರು ಹಿರಿಯರ ಹೆಗಲ ಮೇಲೆ ನಿಂತಿವೆ. ಆ ಹಿರಿಯರ ನಂತರ ಅವು ಉಳಿಯಬೇಕಾದರೆ ಲೆಕ್ಕ ಬರೆಯಬಲ್ಲ, ಎರಡನೆಯ ಸಾಲಿನವರನ್ನು ಬೆಳೆಸಬಲ್ಲ, ನಿಷ್ಠುರ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳಬಲ್ಲ ವೃತ್ತಿಪರರು ಬೇಕು. ವರದಿ ಕೊಟ್ಟು ಹೊರಡುವುದು ನಮ್ಮ ವೃತ್ತಿಯ ಕ್ರಮವಿರಬಹುದು. ಬಡಾವಣೆಗೆ ಬೇಕಾದದ್ದು, ವರದಿ ಮುಗಿದ ಮೇಲೂ ಮುಂದಿನ ತಿಂಗಳ ಸಭೆಗೆ ಬರುವ ಸಲಹೆಗಾರ.