ಲಕ್ಷ ವ್ಯೂಸ್, ಕೈಗೆಷ್ಟು ಕಾಸು?

ಮೂರು ವರ್ಷದಲ್ಲಿ ₹21,000 ಕೋಟಿ. ಭಾರತದ ಕ್ರಿಯೇಟರ್‌ಗಳು, ಕಲಾವಿದರು ಮತ್ತು ಮಾಧ್ಯಮ ಸಂಸ್ಥೆಗಳಿಗೆ ಯೂಟ್ಯೂಬ್ ಕೊಟ್ಟಿರುವ ಹಣ ಇದು. 2025ರ ಮೇ ತಿಂಗಳಲ್ಲಿ ಮುಂಬೈನ ‘ವೇವ್ಸ್’ ಸಮಾವೇಶದಲ್ಲಿ ಕಂಪನಿಯ ಮುಖ್ಯಸ್ಥ ನೀಲ್ ಮೋಹನ್ ಈ ಲೆಕ್ಕ ಹೇಳಿದರು. ಜೊತೆಗೆ ಇನ್ನೆರಡು ಅಂಕಿಗಳನ್ನೂ ಕೊಟ್ಟರು: ಹಿಂದಿನ ಒಂದು ವರ್ಷದಲ್ಲಿ ಭಾರತದಿಂದ ವಿಡಿಯೊ ಹಾಕಿದ ಚಾನೆಲ್‌ಗಳು 10 ಕೋಟಿಗೂ ಹೆಚ್ಚು, 10 ಲಕ್ಷ ಸಬ್‌ಸ್ಕ್ರೈಬರ್ ದಾಟಿದವು 15,000ಕ್ಕೂ ಹೆಚ್ಚು.

ಮೂರು ಅಂಕಿಗಳನ್ನೂ ಒಟ್ಟಿಗೆ ಇಟ್ಟು ನೋಡೋಣ. ವರ್ಷಕ್ಕೆ ಸರಾಸರಿ ₹7,000 ಕೋಟಿ. ಅದನ್ನು 10 ಕೋಟಿ ಚಾನೆಲ್‌ಗಳಿಗೆ ಸಮನಾಗಿ ಹಂಚಿದರೆ ತಲಾ ₹700, ಅಂದರೆ ತಿಂಗಳಿಗೆ ₹58. ಅಷ್ಟೂ ಹಣ 15,000 ದೊಡ್ಡ ಚಾನೆಲ್‌ಗಳಿಗೇ ಹೋದರೆ ತಲಾ ₹46 ಲಕ್ಷ ದಾಟುತ್ತದೆ. ಹಂಚಿಕೆ ಈ ಎರಡು ಬಗೆಯಲ್ಲೂ ಆಗುವುದಿಲ್ಲ, ಸಂಗೀತ ಕಂಪನಿಗಳಿಗೂ ಟಿವಿ ವಾಹಿನಿಗಳಿಗೂ ಇದರಲ್ಲೇ ಪಾಲಿದೆ. ಆದರೆ 10 ಲಕ್ಷದ ಗೆರೆ ದಾಟುವುದು ಸುಮಾರು 6,700 ಚಾನೆಲ್‌ಗಳಲ್ಲಿ ಒಂದು ಎಂಬುದು ಇದೇ ಅಂಕಿಗಳಿಂದ ತಿಳಿಯುತ್ತದೆ. ಉಳಿದ 6,699 ಮಂದಿಗೆ ವಿಡಿಯೊದಿಂದ ಏನು ಲಾಭ ಎಂಬುದೇ ನಿಜವಾದ ಪ್ರಶ್ನೆ.

ನೋಡುವವರ ಖರ್ಚು

ಈ ಮಾರುಕಟ್ಟೆ ತೆರೆದದ್ದು ಡೇಟಾ ಅಗ್ಗವಾದ ಮೇಲೆ. 2014ರಲ್ಲಿ ಒಂದು ಜಿಬಿ ಮೊಬೈಲ್ ಡೇಟಾಕ್ಕೆ ಸುಮಾರು ₹269 ಇತ್ತು. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭಿಸಿತು, ದರ ಕುಸಿಯಿತು, ಇತ್ತೀಚಿನ ವರ್ಷಗಳಲ್ಲಿ ಅದು ₹10ರ ಆಸುಪಾಸಿಗೆ ಇಳಿದಿದೆ. ಸಾಧಾರಣ ಗುಣಮಟ್ಟದ ವಿಡಿಯೊಗೆ ಗಂಟೆಗೆ ಅರ್ಧ ಜಿಬಿ ಎಂದು ಹಿಡಿದರೆ, ಒಂದು ಚಾನೆಲ್ಲನ್ನು 4,000 ಗಂಟೆ (ಈ ಅಂಕಿಯೇ ಏಕೆ ಎಂಬುದು ಮುಂದೆ ತಿಳಿಯುತ್ತದೆ) ನೋಡಲು 2,000 ಜಿಬಿ ಬೇಕು. 2014ರ ದರದಲ್ಲಿ ಅದಕ್ಕೆ ವೀಕ್ಷಕರ ಜೇಬಿನಿಂದ ₹5.38 ಲಕ್ಷ ಹೋಗುತ್ತಿತ್ತು. ಈಗ ₹20,000 ಸಾಕು.

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಪ್ರಯೋಗಿಸಿದ್ದೂ ಭಾರತದಲ್ಲೇ. ಹಳ್ಳಿಯ ಹುಡುಗನ ಅರ್ಧ ನಿಮಿಷದ ವಿಡಿಯೊ ಕೂಡ ಲಕ್ಷ ಜನರ ಮುಂದೆ ಹೋಗಬಲ್ಲ ದಾರಿ ಹೀಗೆ ಅಗಲವಾಯಿತು.

ಗೆರೆ ಎಷ್ಟು ದೂರ?

ಜಾಹೀರಾತು ಹಣದಲ್ಲಿ ಪಾಲು ಸಿಗಬೇಕಾದರೆ ಯೂಟ್ಯೂಬ್‌ನ ಷರತ್ತು ಹೀಗಿದೆ:

• 1,000 ಸಬ್‌ಸ್ಕ್ರೈಬರ್‌ಗಳು, ಅದರ ಜೊತೆಗೆ
• 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್

4,000 ಗಂಟೆ ಎಂದರೆ 2.4 ಲಕ್ಷ ನಿಮಿಷ. ಒಬ್ಬೊಬ್ಬರು ಸರಾಸರಿ 4 ನಿಮಿಷ ನೋಡಿದರೆ ವರ್ಷಕ್ಕೆ 60,000 ವ್ಯೂಸ್, ದಿನಕ್ಕೆ 164. ಕಷ್ಟವಾದರೂ ಕೈಗೆಟುಕುವ ಗುರಿ. ಶಾರ್ಟ್ಸ್ ದಾರಿ ಹಿಡಿದರೆ 90 ದಿನವೂ ದಿನಕ್ಕೆ ಸರಾಸರಿ 1.11 ಲಕ್ಷ ವ್ಯೂಸ್ ಬೇಕು. ಚಿಕ್ಕ ವಿಡಿಯೊ ಹೆಸರನ್ನು ಬೇಗ ಹರಡುತ್ತದೆ, ದುಡ್ಡಿನ ಬಾಗಿಲನ್ನು ಮಾತ್ರ ನಿಧಾನವಾಗಿ ತೆರೆಯುತ್ತದೆ.

ಪಾಲಿನಲ್ಲೂ ವ್ಯತ್ಯಾಸವಿದೆ. ಉದ್ದದ ವಿಡಿಯೊದ ಜಾಹೀರಾತಿನಿಂದ ₹100 ಬಂದರೆ ಚಾನೆಲ್‌ಗೆ ₹55, ಯೂಟ್ಯೂಬ್‌ಗೆ ₹45. ಶಾರ್ಟ್ಸ್‌ನಲ್ಲಿ ಸಂಗೀತದ ಹಕ್ಕಿನ ಹಣ ತೆಗೆದಿಟ್ಟ ಮೇಲೆ ಕ್ರಿಯೇಟರ್ ಪಾಲಿಗೆ ಬಂದ ಮೊತ್ತದಲ್ಲಿ ಕೈಗೆ ಸಿಗುವುದು ಶೇ 45. ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ನೋಡಿದ್ದರಿಂದ ಬಂದ ಗಳಿಕೆಗೆ, ತೆರಿಗೆ ಫಾರ್ಮ್ ತುಂಬಿಕೊಟ್ಟಿದ್ದರೂ, ಅಲ್ಲಿನ ಶೇ 15 ತೆರಿಗೆ ಮೊದಲೇ ಕಡಿತವಾಗುತ್ತದೆ.

ವಾರಕ್ಕೊಂದು ವಿಡಿಯೊದ ಖರ್ಚು

ಫೋನ್ ಹೇಗೂ ಇದೆ, ವಿಡಿಯೊ ಪುಕ್ಕಟೆ ಎನ್ನುವವರು ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಟು ನಿಮಿಷದ ಒಂದು ವಿಡಿಯೊಗೆ ಶೂಟಿಂಗ್, ಎಡಿಟಿಂಗ್, ಥಂಬ್‌ನೇಲ್ ಎಲ್ಲ ಸೇರಿ 10 ಗಂಟೆ ಎಂದುಕೊಳ್ಳಿ. ವಾರಕ್ಕೊಂದರಂತೆ ವರ್ಷಕ್ಕೆ 520 ಗಂಟೆ. ಗಂಟೆಗೆ ₹100 ಕೂಲಿ ಕಟ್ಟಿದರೆ ₹52,000. ಮೈಕ್, ಟ್ರೈಪಾಡ್, ಓಡಾಟದ ಖರ್ಚು ಬೇರೆ.

ಇದನ್ನು ಜಾಹೀರಾತಿನಿಂದಲೇ ದುಡಿಯಬೇಕೆಂದರೆ? ಸಾವಿರ ವ್ಯೂಸ್‌ಗೆ ಎಷ್ಟು ಸಿಗುತ್ತದೆ ಎಂಬುದು ವಿಷಯ, ಭಾಷೆ, ನೋಡುವವರ ದೇಶ ಮತ್ತು ಜಾಹೀರಾತಿನ ಹಂಗಾಮಿನ ಮೇಲೆ ಬದಲಾಗುತ್ತದೆ. ಲೆಕ್ಕಕ್ಕೆಂದು ಕೈಗೆ ಸಿಗುವ ಹಣ ಸಾವಿರಕ್ಕೆ ₹50 ಎಂದು ಇಟ್ಟುಕೊಂಡರೆ, ಕೂಲಿ ಹುಟ್ಟಲು ವರ್ಷಕ್ಕೆ 10.4 ಲಕ್ಷ ವ್ಯೂಸ್ ಬೇಕು. ಅಂದರೆ ಪ್ರತಿ ವಿಡಿಯೊಗೂ 20,000. ಒಂದು ವಿಡಿಯೊ ವೈರಲ್ ಆಗಿ ಉಳಿದವು ಮಲಗಿದರೆ ಲೆಕ್ಕ ಕೂಡಿಬರುವುದು ಕಷ್ಟ.

ಅದೇ 20,000 ವ್ಯೂಸ್, ಆಲೆಮನೆಯಲ್ಲಿ

ಈಗ ಕ್ರಿಯೇಟರ್ ಜಾಗದಲ್ಲಿ ಮಂಡ್ಯ ಕಡೆಯ ಒಬ್ಬ ಆಲೆಮನೆ ಮಾಲೀಕನನ್ನು ಕಲ್ಪಿಸಿಕೊಳ್ಳಿ. ಕಬ್ಬಿನ ಹಾಲು ಕುದಿಯುವುದರಿಂದ ಹಿಡಿದು ಅಚ್ಚಿಗೆ ಹೊಯ್ಯುವವರೆಗೆ ತೋರಿಸಿ, ಕೊನೆಗೆ ಫೋನ್ ನಂಬರ್ ಹಾಕುತ್ತಾನೆ. ನೋಡಿದ 200 ಮಂದಿಯಲ್ಲಿ ಒಬ್ಬರು 5 ಕೆಜಿ ಬೆಲ್ಲದ ಪೆಟ್ಟಿಗೆ ತರಿಸಿಕೊಂಡರು ಎನ್ನೋಣ.

• 20,000 ವ್ಯೂಸ್‌ಗೆ ಜಾಹೀರಾತಿನ ಹಣ: ₹1,000
• ಬಂದ ಆರ್ಡರ್: 100
• ಮಂಡಿ ದರಕ್ಕಿಂತ ಕೆಜಿಗೆ ₹30 ಹೆಚ್ಚು ಸಿಕ್ಕರೆ ಪೆಟ್ಟಿಗೆಗೆ ₹150
• ಪ್ಯಾಕಿಂಗ್ ₹30 ಕಳೆದು (ಕೊರಿಯರ್ ಗಿರಾಕಿಯದು): ₹120
• ಒಟ್ಟು ಹೆಚ್ಚುವರಿ ಲಾಭ: ₹12,000

ಈ ನೂರರಲ್ಲಿ 30 ಮಂದಿ ವರ್ಷದಲ್ಲಿ ಇನ್ನೂ ಮೂರು ಸಲ ತರಿಸಿದರೆ ಮತ್ತೆ ₹10,800. ದರಗಳನ್ನು ನಿಮ್ಮ ಸರಕಿಗೆ ತಕ್ಕಂತೆ ಬದಲಿಸಿಕೊಳ್ಳಿ, ಅಂತರ ಕುಗ್ಗಬಹುದು, ಆದರೆ ಮಾರಲು ಸ್ವಂತ ಸರಕಿರುವವನ ಕೈ ಮೇಲಾಗುವುದು ತಪ್ಪುವುದಿಲ್ಲ. ಪ್ರವಾಸದ ವಿಡಿಯೊಗಳಿಂದ ಮನೆಮಾತಾದ ‘ಡಾ. ಬ್ರೋ’ ಗಗನ್ ಶ್ರೀನಿವಾಸ್ ಪ್ರವಾಸ ಏರ್ಪಡಿಸುವ ಉದ್ಯಮಕ್ಕೂ ಇಳಿದದ್ದು ಇದೇ ಗಣಿತಕ್ಕೆ ಹೊಂದುತ್ತದೆ.

4,500 ಡಾಲರಿನ ವಿಡಿಯೊ

ಸ್ವಂತ ಸರಕು ಮಾರುವ ವಿಡಿಯೊದ ದೊಡ್ಡ ರೂಪ ಅಮೆರಿಕದಲ್ಲಿದೆ. ಯೂಟಾ ರಾಜ್ಯದ ಬ್ಲೆಂಡ್‌ಟೆಕ್ ಎಂಬ ಮಿಕ್ಸರ್ ಕಂಪನಿ 2006ರಲ್ಲಿ ಸುಮಾರು 50 ಡಾಲರ್ ಖರ್ಚಿನಲ್ಲಿ ವಿಡಿಯೊ ಸರಣಿ ಆರಂಭಿಸಿತು. ಸ್ಥಾಪಕ ಟಾಮ್ ಡಿಕ್ಸನ್ ಬಿಳಿ ಕೋಟು ತೊಟ್ಟು ಸಿಕ್ಕಿದ್ದನ್ನೆಲ್ಲ ಮಿಕ್ಸರ್‌ಗೆ ಹಾಕಿ ಪುಡಿ ಮಾಡುತ್ತಿದ್ದರು: ಮಾರುವ ಸರಕೇ ವಿಡಿಯೊದ ನಾಯಕ.

2012ರ ಮಾರ್ಚ್‌ನಲ್ಲಿ ಶೇವಿಂಗ್ ಬ್ಲೇಡ್ ಮಾರುವ ಡಾಲರ್ ಶೇವ್ ಕ್ಲಬ್ ಹಾಕಿದ ವಿಡಿಯೊಗೆ ತಗುಲಿದ್ದು 4,500 ಡಾಲರ್. ಸ್ಥಾಪಕ ಮೈಕಲ್ ಡುಬಿನ್ ತಾವೇ ನಟಿಸಿದ್ದರು. 48 ಗಂಟೆಗಳಲ್ಲಿ 12,000 ಆರ್ಡರ್ ಬಂದವು. ಒಂದು ಆರ್ಡರಿಗೆ ತಗುಲಿದ ಖರ್ಚು 37.5 ಸೆಂಟ್, ಆಗಿನ ದರದಲ್ಲಿ ಹೆಚ್ಚುಕಡಿಮೆ ₹19. ಜನ ನುಗ್ಗಿದ ರಭಸಕ್ಕೆ ವೆಬ್‌ಸೈಟ್ ಕುಸಿದುಬಿತ್ತು. 2016ರಲ್ಲಿ ಯೂನಿಲಿವರ್ ಈ ಕಂಪನಿಯನ್ನು ಸುಮಾರು 100 ಕೋಟಿ ಡಾಲರಿಗೆ ಕೊಂಡಿತು ಎಂದು ವರದಿಯಾಯಿತು.

ಈ ಕಥೆಯನ್ನು ಹೇಳುವವರು ಬಿಟ್ಟುಬಿಡುವ ಸಂಖ್ಯೆಯೊಂದಿದೆ. ವಿಡಿಯೊಗೂ ಮಾರಾಟಕ್ಕೂ ನಡುವಿನ ನಾಲ್ಕು ವರ್ಷಗಳಲ್ಲಿ ಕಂಪನಿ 16 ಕೋಟಿ ಡಾಲರಿಗೂ ಮೀರಿ ಬಂಡವಾಳ ಎತ್ತಬೇಕಾಯಿತು. 2023ರಲ್ಲಿ ಯೂನಿಲಿವರ್ ತನ್ನ ಬಳಿ ಶೇ 35 ಪಾಲು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಮಾರಿತು. ವಿಡಿಯೊ ಗಿರಾಕಿಯನ್ನು ಕರೆತಂದಿತು. ಗಿರಾಕಿಯನ್ನು ಉಳಿಸಿಕೊಳ್ಳುವ ಖರ್ಚು ಬೇರೆಯೇ ಇತ್ತು.

ಹೆಸರು ಕೆಡುವುದೂ ಅಷ್ಟೇ ಅಗ್ಗ. ಕೆನಡಾದ ಗಾಯಕ ಡೇವ್ ಕ್ಯಾರೊಲ್ ಅವರ ಗಿಟಾರ್ ಯುನೈಟೆಡ್ ಏರ್‌ಲೈನ್ಸ್ ಪ್ರಯಾಣದಲ್ಲಿ ಮುರಿಯಿತು, ರಿಪೇರಿಗೆ 1,200 ಡಾಲರ್ ಆಯಿತು, ಕಂಪನಿ ಪರಿಹಾರ ನಿರಾಕರಿಸಿತು. 2009ರ ಜುಲೈನಲ್ಲಿ ಇದರ ಬಗ್ಗೆಯೇ ಅವರು ಹಾಕಿದ ಹಾಡಿನ ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು.

ಹೆಸರಾದ ಮೇಲಿನ ಬಿಲ್ಲು

• ಪ್ರಮೋಷನ್‌ಗೆಂದು ಬಂದ ಫೋನ್, ಟಿವಿಯಂಥ ವಸ್ತುವನ್ನು ಇಟ್ಟುಕೊಂಡರೆ, ವರ್ಷದ ಒಟ್ಟು ಮೌಲ್ಯ ₹20,000 ಮೀರಿದಾಗ ಶೇ 10 ಟಿಡಿಎಸ್ (2022ರ ಜುಲೈ 1ರಿಂದ).
• ಸೇವೆಯ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಜಾಹೀರಾತು ಸೇವೆಗೆ ದರ ಶೇ 18.
• ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ ₹10 ಲಕ್ಷದವರೆಗೆ, ಮತ್ತೆ ತಪ್ಪಿದರೆ ₹50 ಲಕ್ಷದವರೆಗೆ ದಂಡ. ಪ್ರಚಾರ ಮಾಡಿದವರನ್ನು ಮೊದಲ ಸಲ ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಪ್ರಚಾರದಿಂದ ದೂರವಿಡುವ ಅಧಿಕಾರವೂ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ.

ಲೆಕ್ಕದ ಒಟ್ಟು ಸಾರ ಸರಳ. ವ್ಯೂಸ್ ನಂಬಿ ನೌಕರಿ ಬಿಡಬೇಡಿ: 10 ಕೋಟಿ ಚಾನೆಲ್‌ಗಳ ಸಾಲಿನಲ್ಲಿ ಜಾಹೀರಾತಿನ ಪಾಲು ಬಹುಪಾಲು ಜನರ ಕೂಲಿಯನ್ನೂ ಹುಟ್ಟಿಸದು. ಆದರೆ ಅಂಗಡಿ, ತೋಟ, ಕಸುಬು, ಪಾಠ, ಏನಾದರೊಂದು ಈಗಾಗಲೇ ಕೈಯಲ್ಲಿದ್ದರೆ ವಿಡಿಯೊ ಮಾಡದೆ ಕೂರುವುದೇ ನಷ್ಟ. ಮೊದಲ ವಿಡಿಯೊ ಹಾಕುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಒಬ್ಬ ಗಿರಾಕಿ ಬಂದರೆ ನಿಮಗೆ ಉಳಿಯುವುದೆಷ್ಟು, ವಾರಕ್ಕೆ ಅಂಥ ಎಷ್ಟು ಮಂದಿಗೆ ಸರಕು ಕೊಡಬಲ್ಲಿರಿ? ಈ ಎರಡು ಅಂಕಿ ಗೊತ್ತಿದ್ದವರಿಗೆ 20,000 ವ್ಯೂಸ್ ಸಾಕು. ಗೊತ್ತಿಲ್ಲದವರಿಗೆ 20 ಲಕ್ಷವೂ ಸಾಲದು.