ಪಿಕಪ್ ವಾಹನದ ಹಿಂಭಾಗದ ಸಸ್ಪೆನ್ಷನ್ ಮಾರ್ಪಾಡು

ಪಿಕಪ್ ವಾಹನದ ಹಿಂಭಾಗದ ಸಸ್ಪೆನ್ಷನ್ ಮಾರ್ಪಾಡು ಎಂಬುದು ತಯಾರಕರು ಅಳವಡಿಸಿದ ಹಿಂದಿನ ಆಕ್ಸಲ್, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಜೋಡಣೆಯನ್ನು ಬದಲಿಸಿ, ವಾಹನದ ಎತ್ತರವನ್ನೋ ಹೊರೆ ತಾಳುವ ಗುಣವನ್ನೋ ಬೇರೆಯಾಗಿಸುವ ಕ್ರಮ. ಅಮೆರಿಕದಲ್ಲಿ ಹಳೆಯ ಪಿಕಪ್‌ಗಳನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸುವುದು ದಶಕಗಳಿಂದ ನಡೆದುಬಂದ ಹವ್ಯಾಸ. ಭಾರತದ ಸರಕು ವಾಹನಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ವಿರುದ್ಧ ದಿಕ್ಕಿನ ಕೆಲಸ: ಹೆಚ್ಚು ತೂಕ ಹೇರಲು ಸ್ಪ್ರಿಂಗ್‌ಗೆ ಪಟ್ಟಿಗಳನ್ನು ಸೇರಿಸುವುದು. ಎರಡರಲ್ಲೂ ಬದಲಾಗುವುದು ಒಂದೇ ಅಳತೆ, ಆಕ್ಸಲ್ ಮತ್ತು ಚಾಸಿಯ ನಡುವಿನ ಅಂತರ.

ರಾಮನಗರ ಭಾಗದ ಹಿನ್ನೆಲೆ

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಿಂದ ರೂಪುಗೊಂಡ ಈ ಜಿಲ್ಲೆಯಲ್ಲಿ ಪಿಕಪ್‌ಗಳು ಹೊರುವ ಸರಕು ಒಂದೇ ಬಗೆಯದಲ್ಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಬರುವ ಗೂಡು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಚನ್ನಪಟ್ಟಣದ ಬೊಂಬೆಗಳೂ ಹಾಗೆಯೇ. ಕನಕಪುರ ಭಾಗದ ಗ್ರಾನೈಟ್ ಸಣ್ಣ ಜಾಗದಲ್ಲೇ ವಾಹನವನ್ನು ಬಗ್ಗಿಸಿಬಿಡುತ್ತದೆ. ಮಾವಿನ ಕಾಲದಲ್ಲಿ ನಾಲ್ಕೂ ತಾಲ್ಲೂಕುಗಳ ತೋಟಗಳಿಂದ ತುಂಬಿದ ಗಾಡಿಗಳು ಹೊರಡುತ್ತವೆ. ಒಂದೇ ಸ್ಪ್ರಿಂಗ್ ಈ ಎಲ್ಲ ಹೊರೆಗೂ ಒಗ್ಗಬೇಕು.

ರಾಮನಗರ ತಾಲ್ಲೂಕಿನ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ವಾಹನಗಳು ಈ ವಿಷಯಕ್ಕೆ ಒಳ್ಳೆಯ ಉದಾಹರಣೆ. 2005ರಲ್ಲಿ ಬಂದ ಇನ್ನೋವಾ ಮತ್ತು 2022ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಹೈಲಕ್ಸ್ ಪಿಕಪ್ ಒಂದೇ ವಿನ್ಯಾಸ ಕುಟುಂಬಕ್ಕೆ ಸೇರಿದವು. ಎರಡಕ್ಕೂ ಏಣಿಯಾಕಾರದ ಚಾಸಿ ಹಾಗೂ ಹಿಂದೆ ಗಟ್ಟಿ ಆಕ್ಸಲ್ ಇದೆ. ಆದರೆ ಜನರನ್ನು ಸಾಗಿಸುವ ಇನ್ನೋವಾದಲ್ಲಿ ಆ ಆಕ್ಸಲನ್ನು ನಾಲ್ಕು ಕೊಂಡಿಗಳು, ಒಂದು ಅಡ್ಡಸರಳು ಮತ್ತು ಸುರುಳಿ ಸ್ಪ್ರಿಂಗ್‌ಗಳು ಹಿಡಿದಿದ್ದರೆ, ಸರಕು ಹೊರುವ ಹೈಲಕ್ಸ್‌ನಲ್ಲಿ ಪಟ್ಟಿ ಸ್ಪ್ರಿಂಗ್‌ಗಳಿವೆ. ಹಳೆಯ ಪಿಕಪ್‌ನ ಪಟ್ಟಿ ತೆಗೆದು ನಾಲ್ಕು ಕೊಂಡಿಯ ಜೋಡಣೆ ಹಾಕುವ ಹವ್ಯಾಸಿ ಮಾಡುವುದೂ ಬಹುಮಟ್ಟಿಗೆ ಇದೇ ಬದಲಾವಣೆಯನ್ನು. ವ್ಯತ್ಯಾಸವೆಂದರೆ ಕಾರ್ಖಾನೆಯಲ್ಲಿ ಚಾಸಿ, ಬ್ರೇಕ್ ಮತ್ತು ಹೊರೆಯ ಮಿತಿಗಳನ್ನೂ ಅದರೊಂದಿಗೇ ನಿರ್ಧರಿಸಲಾಗಿರುತ್ತದೆ.

ಪಟ್ಟಿ ಸ್ಪ್ರಿಂಗ್ ಮತ್ತು ತಗ್ಗಿಸುವ ವಿಧಾನಗಳು

ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದ ಕಟ್ಟೇ ಪಟ್ಟಿ ಸ್ಪ್ರಿಂಗ್. ಇದರ ಉದ್ದನೆಯ ಪಟ್ಟಿಯ ಮುಂದಿನ ಕಣ್ಣು ಚಾಸಿಗೆ ನೇರವಾಗಿಯೂ ಹಿಂದಿನ ಕಣ್ಣು ತೂಗಾಡುವ ಶ್ಯಾಕಲ್ ಮೂಲಕವೂ ಸೇರಿರುತ್ತದೆ. ಆಕ್ಸಲನ್ನು ಯು-ಬೋಲ್ಟ್‌ಗಳಿಂದ ಕಟ್ಟಿನ ನಡುವೆ ಬಿಗಿಯಲಾಗುತ್ತದೆ. ಭಾರ ಹೊರುವುದರ ಜೊತೆಗೆ ಆಕ್ಸಲ್ ಹಿಂದೆ ಮುಂದೆ, ಅತ್ತ ಇತ್ತ ಸರಿಯದಂತೆ ಹಿಡಿಯುವ ಕೆಲಸವೂ ಇದರದೇ. ಆದ್ದರಿಂದ ಇದನ್ನು ತೆಗೆದು ಗಾಳಿಚೀಲಗಳನ್ನು ಅಳವಡಿಸುವವರು ಆಕ್ಸಲ್ ಹಿಡಿಯಲು ಬೇರೆ ಕೊಂಡಿಗಳನ್ನೂ ಹಾಕಲೇಬೇಕಾಗುತ್ತದೆ.

ಬಹುತೇಕ ಪಿಕಪ್‌ಗಳಲ್ಲಿ ಪಟ್ಟಿಗಳು ಆಕ್ಸಲಿನ ಮೇಲಿರುತ್ತವೆ. ಆಕ್ಸಲನ್ನು ಪಟ್ಟಿಗಳ ಮೇಲಕ್ಕೆ ಸರಿಸಿದರೆ, ಆಕ್ಸಲ್ ಕೊಳವೆಯ ವ್ಯಾಸ ಮತ್ತು ಪಟ್ಟಿಗಳ ಕಟ್ಟಿನ ದಪ್ಪ ಇವೆರಡರ ಮೊತ್ತದಷ್ಟು ವಾಹನ ತಗ್ಗುತ್ತದೆ. 75 ಮಿ.ಮೀ. ಕೊಳವೆ, 50 ಮಿ.ಮೀ. ಕಟ್ಟು ಇದ್ದಲ್ಲಿ ಇದು 125 ಮಿ.ಮೀ., ಅಂದರೆ ಸುಮಾರು ಐದು ಇಂಚು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಪಟ್ಟಿ ಮೊದಲೇ ಆಕ್ಸಲಿನ ಕೆಳಗಿರುವುದರಿಂದ ಅಲ್ಲಿ ಸ್ಥಾನ ಬದಲಿಸಿದರೆ ಗಾಡಿ ಏರುತ್ತದೆ. ಕಾಡುದಾರಿಯ ಚಾಲನೆಗಾಗಿ ಹಾಗೆ ಮಾಡುವವರಿದ್ದಾರೆ. ಆಕ್ಸಲ್ ಮತ್ತು ಪಟ್ಟಿಯ ನಡುವೆ ಲೋಹದ ದಿಮ್ಮಿ ಇಡುವ ವಿಧಾನಕ್ಕೂ ಇದೇ ನಿಯಮ: ಪಟ್ಟಿ ಕೆಳಗಿದ್ದರೆ ದಿಮ್ಮಿ ಗಾಡಿಯನ್ನು ತಗ್ಗಿಸುತ್ತದೆ, ಮೇಲಿದ್ದರೆ ಎತ್ತುತ್ತದೆ. ಪಟ್ಟಿಗಳನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಚಪ್ಪಟೆ ಮಾಡುವುದು ಅಗ್ಗವಾದರೂ ಅತ್ಯಂತ ಕೆಟ್ಟ ವಿಧಾನ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಕೆಟ್ಟು ಪಟ್ಟಿ ಅಲ್ಲಿಯೇ ಮುರಿಯಬಹುದು.

ಉಳಿಯುವ ಚಲನೆ

ವಾಹನ ತಗ್ಗಿದಂತೆ ಆಕ್ಸಲಿಗೆ ಮೇಲೇರಲು ಇದ್ದ ಜಾಗ ಕುಗ್ಗುತ್ತದೆ. ಒಂದೊಂದು ಸ್ಪ್ರಿಂಗಿನ ಬಿಗುವು ಪ್ರತಿ ಮಿ.ಮೀ.ಗೆ 30 ನ್ಯೂಟನ್ ಎಂದೂ, ಖಾಲಿ ಗಾಡಿಯಲ್ಲಿ ಆಕ್ಸಲಿಗೂ ಚಾಸಿಗೂ 175 ಮಿ.ಮೀ. ಅಂತರವಿದೆ ಎಂದೂ ಊಹಿಸಿದರೆ, ಎರಡು ಸ್ಪ್ರಿಂಗ್‌ಗಳು ಸೇರಿ ಆ ಅಂತರ ಮುಗಿಯಲು ಸುಮಾರು 1,070 ಕೆ.ಜಿ. ಹೊರೆ ಬೇಕು. 125 ಮಿ.ಮೀ. ತಗ್ಗಿಸಿದ ಮೇಲೆ ಉಳಿಯುವುದು 50 ಮಿ.ಮೀ.; ಅದನ್ನು ಮುಗಿಸಲು ಸುಮಾರು 300 ಕೆ.ಜಿ. ಸಾಕು. ಇದು ನಿಂತ ಗಾಡಿಯ ಲೆಕ್ಕ. ಗುಂಡಿಗೆ ಬಿದ್ದಾಗ ಇನ್ನೂ ಕಡಿಮೆ ಹೊರೆಯಲ್ಲೇ ಆಕ್ಸಲ್ ಚಾಸಿಗೆ ಬಡಿಯುತ್ತದೆ.

ಇದನ್ನು ತಪ್ಪಿಸಲು ಆಕ್ಸಲಿನ ಮೇಲ್ಭಾಗದಲ್ಲಿ ಚಾಸಿಯನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ದಪ್ಪ ಉಕ್ಕಿನ ಬಿಲ್ಲೆಯಿಂದ ಬಲಪಡಿಸುವ ಕ್ರಮವಿದೆ. ಇದಕ್ಕೆ ಸಿ-ನಾಚ್ ಎಂದು ಹೆಸರು. ಹೊರೆಯಿಂದ ಚಾಸಿ ಹೆಚ್ಚು ಬಾಗುವ ಭಾಗಗಳಲ್ಲಿ ಇದೂ ಒಂದು. ಬಲಪಡಿಸದೆ ಕತ್ತರಿಸಿದ ಚಾಸಿ ನಂಬಿಕೆಗೆ ಅರ್ಹವಲ್ಲ. ಜೊತೆಗೆ ಮೋಟು ಶಾಕ್ ಅಬ್ಸಾರ್ಬರ್‌ಗಳು ಬೇಕಾಗುತ್ತವೆ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಗಳ ಕೋನ ಸಮವಾಗಿರುವಂತೆ ಡಿಫರೆನ್ಷಿಯಲ್ ಮೂತಿಯ ಓರೆಯನ್ನು ಹೊಂದಿಸದಿದ್ದರೆ ವೇಗದಲ್ಲಿ ಗಾಡಿ ಅದುರುತ್ತದೆ.

1960ರಿಂದ 1972ರವರೆಗಿನ ಶೆವರ್ಲೆ ಸಿ-10 ಪಿಕಪ್‌ನಲ್ಲಿ ಹಿಂದೆ ಸುರುಳಿ ಸ್ಪ್ರಿಂಗ್ ಇದ್ದುದರಿಂದ ಗಿಡ್ಡ ಸುರುಳಿ ಹಾಕಿಯೇ ತಗ್ಗಿಸಬಹುದು. ಆದರೆ ಅದರ ಅಡ್ಡಸರಳು ಗಿಡ್ಡವಾದ್ದರಿಂದ ತಗ್ಗಿಸಿದಾಗ ಆಕ್ಸಲ್ ಒಂದು ಬದಿಗೆ ಎಳೆದುಕೊಳ್ಳುತ್ತದೆ. ಉದ್ದನೆಯ ಸರಳು ಹಾಕುವುದು ಅದಕ್ಕೆ ರೂಢಿಯ ಪರಿಹಾರ.

ಬ್ರೇಕಿನ ಮೇಲಿನ ಪರಿಣಾಮ

ಅನೇಕ ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಒಂದಿರುತ್ತದೆ. ಸರಳಿನ ಮೂಲಕ ಆಕ್ಸಲಿಗೆ ಜೋಡಿಸಿರುವ ಇದಕ್ಕೆ ತೂಕ ತಿಳಿಯದು. ಚಾಸಿಗೂ ಆಕ್ಸಲಿಗೂ ಇರುವ ಅಂತರವಷ್ಟೇ ತಿಳಿಯುತ್ತದೆ. ಗಾಡಿಯನ್ನು ತಗ್ಗಿಸಿ ಸರಳನ್ನು ಹಾಗೆಯೇ ಬಿಟ್ಟರೆ, ಖಾಲಿ ಗಾಡಿಯೂ ವಾಲ್ವಿನ ಪಾಲಿಗೆ ತುಂಬಿದ ಗಾಡಿ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದೊಡನೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ವಾಹನ ತಿರುಗಿಬಿಡುವ ಸಂಭವವಿದೆ. ಪಟ್ಟಿ ಸೇರಿಸಿ ಬಿಗಿಗೊಳಿಸಿದ ಗಾಡಿಯದು ಇದಕ್ಕೆ ತದ್ವಿರುದ್ಧ: ಕಲ್ಲು ಹೇರಿದರೂ ಹಿಂಭಾಗ ಬಗ್ಗದೆ, ವಾಲ್ವ್ ಅದನ್ನು ಖಾಲಿ ಎಂದು ಎಣಿಸಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ನಿಲ್ಲಿಸುವ ಭಾರ ಮುಂದಿನ ಚಕ್ರಗಳ ಮೇಲೆ ಬಿದ್ದು, ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಪಟ್ಟಿ ಸೇರಿಸುವ ಕೆಲಸವನ್ನು ಬರಿಯ ಬಲವರ್ಧನೆ ಎಂದು ಭಾವಿಸುವುದು ಈ ಕಾರಣಕ್ಕೆ ಅಪಾಯಕರ. ಪಟ್ಟಿ ಸೇರಿಸಿದ ಮಾತ್ರಕ್ಕೆ ಆಕ್ಸಲ್, ಟೈರ್ ಅಥವಾ ಬ್ರೇಕಿನ ಸಾಮರ್ಥ್ಯವೂ ಏರುವುದಿಲ್ಲ.

ರಸ್ತೆ ಉಬ್ಬುಗಳು

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ರಸ್ತೆ ಉಬ್ಬು 17 ಮೀಟರ್ ತ್ರಿಜ್ಯದ ಕಮಾನು, ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ., ದಾಟುವ ವೇಗ ಗಂಟೆಗೆ 25 ಕಿ.ಮೀ. ಹೈಲಕ್ಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3,085 ಮಿ.ಮೀ. ದೂರವಿರುವುದರಿಂದ, ಅಂಥ ವಾಹನ ಈ ಉಬ್ಬಿನ ನಡುವೆ ನಿಂತಾಗ ಅದರ ಹೊಟ್ಟೆಯ ಕಡೆಗೆ ನೆಲ ಸುಮಾರು 7 ಸೆಂ.ಮೀ. ಏರಿರುತ್ತದೆ. ಅಳತೆ ಮೀರಿ ಕಡಿದಾಗಿ, ಕಿರಿದಾಗಿ ಕಟ್ಟಿದ 15 ಸೆಂ.ಮೀ. ಉಬ್ಬಿನಲ್ಲಾದರೋ ಚಕ್ರಗಳು ಸಮತಟ್ಟಿನಲ್ಲೇ ಇದ್ದು ಪೂರ್ಣ 15 ಸೆಂ.ಮೀ. ಹೊಟ್ಟೆಗೆ ಎದುರಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸುಗಮವಾಗಿ ಓಡುವ ತಗ್ಗಿಸಿದ ಗಾಡಿ, ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದೊಡನೆ ತಳ ಉಜ್ಜಿಕೊಳ್ಳುವುದು ಇದರಿಂದ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು ಕಾನೂನು ಒಪ್ಪದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಕೆ.ಎ. 42 ಸಂಖ್ಯೆಯ ರಾಮನಗರದ ನೋಂದಣಿಗೂ ಇದೇ ನಿಯಮ.

ಹಳೆಯ ಪಿಕಪ್‌ಗಳ ವಿಷಯದಲ್ಲಿ 2021ರ ವಿಂಟೇಜ್ ವಾಹನ ನಿಯಮಗಳೂ ಮುಖ್ಯ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಂಖ್ಯೆ ದೊರೆಯುತ್ತದೆ. ಆದರೆ ವಾಹನ ಮೂಲ ರೂಪದಲ್ಲಿರಬೇಕು; ಚಾಸಿ, ಹೊರಮೈ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಸಿ-ನಾಚ್‌ಗಾಗಿ ಚಾಸಿ ಕತ್ತರಿಸಿದ ಪಿಕಪ್ ಈ ಷರತ್ತನ್ನು ಪೂರೈಸುವುದು ಕಷ್ಟ. ಗಿಡ್ಡ ಸುರುಳಿ ಅಥವಾ ದಿಮ್ಮಿಯನ್ನು ಬಿಚ್ಚಿ ಹಳೆಯ ಭಾಗಗಳನ್ನು ಮತ್ತೆ ಕೂರಿಸಬಹುದು. ಕತ್ತರಿಸಿದ ಚಾಸಿಯನ್ನು ಮೊದಲಿನಂತೆ ಮಾಡಲಾಗದು.